ಚಂದ್ರಾ ದೂರದರ್ಶಕದ ವಾರದ ದುಡಿಮೆಗೂ ಜಾಗ ಕೊಡಿ

ಮಾನ್ಯರೇ,

ಉಡಾವಣೆಯ ದಿನ ಮುಖಪುಟದಲ್ಲಿ ಬರುವ ದೂರದರ್ಶಕಗಳು ಆಮೇಲೆ ಪತ್ರಿಕೆಯಿಂದ ಮಾಯವಾಗುತ್ತವೆ. ವಿಜ್ಞಾನ ಕಲಿಸಿದವಳಾಗಿ ನನಗೆ ಇದು ಬೇಸರದ ಸಂಗತಿ.

ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕವನ್ನೇ ನೋಡಿ. 1999ರಲ್ಲಿ ಐದು ವರ್ಷಕ್ಕೆಂದು ಕಳಿಸಿದ್ದು, 25 ವರ್ಷ ದಾಟಿದೆ. ಅದು ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 64 ಗಂಟೆ ಬೇಕು. ಭೂಮಿಯ ಸುತ್ತ ವಿದ್ಯುತ್ ಕಣಗಳು ತುಂಬಿದ ವಿಕಿರಣ ವಲಯ ದಾಟುವಾಗಲೆಲ್ಲ ನೋಡುವುದನ್ನು ನಿಲ್ಲಿಸಿ ಉಪಕರಣಗಳನ್ನು ಜೋಪಾನ ಮಾಡಬೇಕು. ಯಾವಾಗ ಎತ್ತ ತಿರುಗಬೇಕು, ಎಷ್ಟು ಹೊತ್ತು ನೋಡಬೇಕು ಎಂಬ ಆದೇಶಗಳನ್ನು ವಾರವಾರವೂ ಮೊದಲೇ ಹೆಣೆದು ಕಳಿಸುತ್ತಾರೆ. ಸೂರ್ಯನ ಮೇಲೆ ದೊಡ್ಡ ಸ್ಫೋಟವಾದರೆ ಆ ಆದೇಶಗಳು ನಿಂತವು, ಮತ್ತೆ ಹೊಸವು. ಹೊರಗಿನ ಹೊದಿಕೆ ಹಳತಾಗಿ ಬಿಸಿ ಜಾಸ್ತಿ ಹೀರುತ್ತಿದೆ. ಹಾಗಾಗಿ ಒಂದೇ ಕಡೆ ತುಂಬ ಹೊತ್ತು ನೋಡುವಂತಿಲ್ಲ, ಬಿಡಿಬಿಡಿಯಾಗಿ ನೋಡಬೇಕು. ಎಂಥ ತಾಳ್ಮೆಯ ಕೆಲಸ, ಅಲ್ವಾ?

ಈ ತಾಳ್ಮೆಯಿಂದಲೇ 2023ರಲ್ಲಿ ಯುಎಚ್‌ಝಡ್1 ಗ್ಯಾಲಕ್ಸಿಯ ಕಪ್ಪುಕುಳಿ ಸಿಕ್ಕಿತು. ಒಟ್ಟು ಎರಡು ವಾರದಷ್ಟು ಹೊತ್ತು ಅತ್ತ ನೋಡಿದ ಮೇಲೆ! ವಿಶ್ವ ಹುಟ್ಟಿದ ಬಿಗ್ ಬ್ಯಾಂಗ್ ಆಗಿ ಬರೀ 47 ಕೋಟಿ ವರ್ಷಕ್ಕೇ ಅದು ತನ್ನ ಗ್ಯಾಲಕ್ಸಿಯ ನಕ್ಷತ್ರಗಳಷ್ಟೇ ಭಾರವಿತ್ತು. ಭಾರೀ ಅನಿಲದ ಮೋಡ ನೇರವಾಗಿ ಕುಸಿದು ಹುಟ್ಟಿರಬೇಕು ಎಂದು ಸಂಶೋಧಕರು ಹೇಳುತ್ತಾರೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಗ್ಯಾಲಕ್ಸಿಯನ್ನು ತೋರಿಸಿತು, ಕುಳಿಯ ಗುರುತು ಕೊಟ್ಟಿದ್ದು ಚಂದ್ರಾ.

2024ರಲ್ಲಿ ಚಂದ್ರಾದ ವರ್ಷದ ಖರ್ಚನ್ನು 6.8 ಕೋಟಿ ಡಾಲರಿನಿಂದ 4.1 ಕೋಟಿಗೆ ಇಳಿಸುವ ಪ್ರಸ್ತಾವ ಬಂತು. ಚೆನ್ನಾಗಿ ದುಡಿಯುತ್ತಿರುವ ಕಣ್ಣನ್ನು ಸುಮ್ನೆ ಮುಚ್ಚಬಾರದು. ವಾರಕ್ಕೆ ನಾಲ್ಕು ಸಾಲಾದರೂ ಇದರ ಬಗ್ಗೆ ಪ್ರಕಟಿಸಿ.

– ನಿವೃತ್ತ ವಿಜ್ಞಾನ ಶಿಕ್ಷಕಿ