ಹಕ್ಕು ಬಿಡುಗಡೆ ಪತ್ರ ಮತ್ತು ಒತ್ತಾಯದ ಪ್ರಶ್ನೆ

ಮಾನ್ಯ ಸಂಪಾದಕರೇ,

ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಗೆ ಜಮೀನು ಹೋಗಲಿರುವ ನಮ್ಮ ಭಾಗದ ಊರುಗಳಲ್ಲಿ ಪರಿಹಾರದ ಮಾತು ಎದ್ದಾಗಲೆಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಆಸ್ತಿಯಲ್ಲಿನ ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದನ್ನು ಬಾಂಡ್ ರೈಟರ್ ಆಗಿ ನಾನು ನೋಡುತ್ತ ಬಂದಿದ್ದೇನೆ. ಮುಂದೆ ಮನಸ್ತಾಪ ಬಂದಾಗ ಅವರು ‘ಒತ್ತಾಯ ಮಾಡಿ ಸಹಿ ಹಾಕಿಸಿಕೊಂಡರು’ ಎನ್ನುತ್ತಾರೆ, ಪತ್ರಿಕೆಗಳಲ್ಲೂ ಹಾಗೆಯೇ ಅಚ್ಚಾಗುತ್ತದೆ. ಅವರು ಹೇಳುವುದು ಬಹುಪಾಲು ನಿಜ. ಆದರೆ ಮನೆಮಾತಿನ ಒತ್ತಾಯವೆಲ್ಲ ಕಾನೂನಿನ ಕಣ್ಣಿಗೆ ಬಲಾತ್ಕಾರವಾಗುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 15ನೇ ಕಲಮಿನ ಪ್ರಕಾರ, ಕರಾರಿಗೆ ಒಪ್ಪಿಸುವ ಉದ್ದೇಶದಿಂದ ದಂಡಸಂಹಿತೆ ನಿಷೇಧಿಸಿದ ಕೃತ್ಯವನ್ನು ಎಸಗುವುದು, ಎಸಗುವುದಾಗಿ ಬೆದರಿಸುವುದು, ಇಲ್ಲವೇ ಆಸ್ತಿಯನ್ನು ಅಕ್ರಮವಾಗಿ ತಡೆಹಿಡಿಯುವುದು ಅಥವಾ ತಡೆಹಿಡಿಯುವುದಾಗಿ ಹೆದರಿಸುವುದು ಬಲಾತ್ಕಾರ. 1917ರಲ್ಲಿ ಮದ್ರಾಸ್ ಹೈಕೋರ್ಟು ಚಿಕ್ಕಂ ಅಮ್ಮಿರಾಜು ಪ್ರಕರಣದಲ್ಲಿ, ಆತ್ಮಹತ್ಯೆ ಮಾಡಿಕೊಳ್ಳುತ್ತೇನೆಂದು ಗಂಡ ತನ್ನ ಹೆಂಡತಿಯನ್ನೂ ಮಗನನ್ನೂ ಹೆದರಿಸಿ ತನ್ನ ಸಹೋದರನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆಸಿದ್ದನ್ನೂ ಬಹುಮತದಿಂದ ಬಲಾತ್ಕಾರವೆಂದೇ ತೀರ್ಮಾನಿಸಿತು. ‘ಸಹಿ ಮಾಡಲಿಲ್ಲಂದ್ರ ಬಾವಿಗೆ ಹಾರತೇನಿ’ ಎನ್ನುವ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುವುದರಿಂದ ಈ ತೀರ್ಪು ಎಲ್ಲರಿಗೂ ಗೊತ್ತಿರಬೇಕು.

ಆದರೆ ಹೆಚ್ಚಿನ ಕಡೆ ಅಷ್ಟು ದೊಡ್ಡ ಬೆದರಿಕೆ ಇರುವುದೇ ಇಲ್ಲ. ‘ಸಹಿ ಮಾಡಲಿಲ್ಲಂದ್ರ ಪಂಚಮಿಗೆ ಕರ‍್ಯಾಕ ಯಾರೂ ಬರೂದಿಲ್ಲ ನೋಡವ್ವ’ ಎಂದರೆ ಸಾಕು. ತವರಿನ ಬಾಗಿಲು ಮುಚ್ಚುವ ಭಯ ಹೆಣ್ಣುಮಗಳಿಗೆ ಎಷ್ಟು ದೊಡ್ಡದೆಂದು ಅರಿಯದವರು ನಮ್ಮಲ್ಲಿಲ್ಲ, ಆದರೂ ಅದು ದಂಡಸಂಹಿತೆ ಹೇಳುವ ಅಪರಾಧವಲ್ಲವಾದ್ದರಿಂದ 15ನೇ ಕಲಮಿನೊಳಗೆ ಬರುವುದಿಲ್ಲ. ಅಂಥವರು ಆಸರೆ ಹುಡುಕಬೇಕಾದುದು 16ನೇ ಕಲಮಿನಲ್ಲಿ. ಇನ್ನೊಬ್ಬರ ಮನಸ್ಸನ್ನು ಆಳಬಲ್ಲ ಸ್ಥಾನದಲ್ಲಿರುವವರು ಆ ಸ್ಥಾನವನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ಅದನ್ನು ಸಾಧಿಸಲು ‘ಒತ್ತಾಯವಿತ್ತು’ ಎಂಬ ಒಂದು ಸಾಲು ಸಾಲದು. ಯಾರು, ಯಾವ ದಿನ, ಏನು ಹೇಳಿದರು, ವ್ಯವಹಾರ ಯಾರ ಕೈಯಲ್ಲಿತ್ತು, ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಸಿಕ್ಕಿತು ಎಂಬುದೆಲ್ಲ ದಾವೆಯಲ್ಲಿಯೇ ಬರಬೇಕು. ಒತ್ತಾಯದಿಂದ ಬರೆಸಿದ ಪತ್ರ ತಾನಾಗಿ ರದ್ದಾಗುವುದಿಲ್ಲ ಎಂಬುದೂ ಹಲವರಿಗೆ ತಿಳಿಯದು. ನ್ಯಾಯಾಲಯ ರದ್ದುಪಡಿಸುವವರೆಗೆ ಅದು ಊರ್ಜಿತ, ಮತ್ತು ರದ್ದತಿಯ ದಾವೆಗೆ ಕಾರಣವಾದ ಸಂಗತಿಗಳು ತಿಳಿದ ದಿನದಿಂದ ಇರುವ ಅವಧಿ ಮೂರೇ ವರ್ಷ.

ಪ್ರತಿ ಪತ್ರದಲ್ಲೂ ‘ಯಾರ ಒತ್ತಾಯಕ್ಕೂ ಒಳಗಾಗದೆ ಸ್ವಸಂತೋಷದಿಂದ ಬರೆದುಕೊಟ್ಟ’ ಎಂಬ ಸಾಲು ಇದ್ದೇ ಇರುತ್ತದೆ. ಉಪನೋಂದಣಿ ಕಚೇರಿಯಲ್ಲಿ ಅಣ್ಣ ಬೆನ್ನ ಹಿಂದೆ, ಅತ್ತಿಗೆ ಪಕ್ಕದಲ್ಲಿ ನಿಂತಿರುವಾಗ ಹೆಬ್ಬೆರಳು ಒತ್ತಿಸಿ, ಕ್ಯಾಮೆರಾ ಕಡೆ ನೋಡಲು ಹೇಳಿ, ‘ಸಹಿ ನಿಮ್ಮದ ಏನ್ರೀ?’ ಎಂದು ಕೇಳುತ್ತಾರೆ, ಆಕೆ ತಲೆಯಾಡಿಸುತ್ತಾಳೆ. 1908ರ ನೋಂದಣಿ ಕಾಯ್ದೆ ಅಧಿಕಾರಿಯಿಂದ ಮುಖ್ಯವಾಗಿ ಬಯಸುವುದು ವ್ಯಕ್ತಿಯ ಗುರುತು ಮತ್ತು ಬರೆದುಕೊಟ್ಟಿದ್ದೇನೆಂಬ ಒಪ್ಪಿಗೆ ಇಷ್ಟನ್ನೇ ಆದ್ದರಿಂದ ಅವರನ್ನು ದೂರುವಂತಿಲ್ಲ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿರುವಾಗ, ಆ ಹಕ್ಕನ್ನು ಬಿಟ್ಟುಕೊಡುವ ಗಳಿಗೆಯಲ್ಲಿ ಆಕೆಯ ಮನಸ್ಸೇನೆಂದು ಕೇಳುವವರೇ ಇಲ್ಲದಂತಾಗಬಾರದು.

ಹಕ್ಕು ಬಿಡುಗಡೆ ಪತ್ರ ನೋಂದಾಯಿಸುವ ಮೊದಲು ಹೆಣ್ಣುಮಗಳನ್ನು ಒಬ್ಬಳನ್ನೇ ಒಳಗೆ ಕರೆದು, ಪತ್ರವನ್ನು ಆಕೆಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳಿ, ಆಕೆಯ ಉತ್ತರವನ್ನು ಬರೆದಿಟ್ಟುಕೊಳ್ಳುವಂತೆ ನೋಂದಣಿ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಒಬ್ಬ ಬಾಂಡ್ ರೈಟರ್, ಬಾಗಲಕೋಟೆ