ಸಿಂಗಳೀಕದ ಕಾಡಿನ ಕೆಳಗೊಂದು ಹಳ್ಳ ಇದೆ

ಮಾನ್ಯ ಅರಣ್ಯ ಸಚಿವರಿಗೆ,

ಮೂಡಿಗೆರೆ ಕಡೆಯ ಒಬ್ಬ ಕಾಫಿ ಬೆಳೆಗಾರನ ನಮಸ್ಕಾರ.

ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಸಿಂಗಳೀಕ ಇಲ್ಲ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅವುಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಒಂದು ಮಂಗದ ನೆಪದಲ್ಲಿ ಅಷ್ಟು ದೊಡ್ಡ ಕಾಡು ಉಳಿಯಿತು. ಅದಕ್ಕೆ ನಾವೆಲ್ಲ ಋಣಿಗಳು.

ಅಂಥದೇ ಮರಗಳ ನೆರಳಲ್ಲಿ, ಹಳ್ಳದ ಒದ್ದೆ ಕಲ್ಲಿನ ಮೇಲೆ ಇನ್ನೊಂದು ಜೀವ ಇದೆ. ಹೆಬ್ಬೆರಳ ಗೆಣ್ಣಿನಷ್ಟೇ ಇರುವ ಕಂದು ಕಪ್ಪೆ. ನಮ್ಮ ಕೊಟ್ಟಿಗೆಹಾರ ಊರಿನ ಹೆಸರೇ ಅದಕ್ಕೆ. 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಇಟ್ಟ ಹೆಸರು. ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಸಿಂಗಳೀಕ ‘ಅಳಿವಿನಂಚಿನಲ್ಲಿ’ ಇದೆ. ಈ ಕಪ್ಪೆಯೂ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲೇ ಇದೆ.

ಮಳೆಯ ಆರ್ಭಟ ಇಳಿದ ಮೇಲೆ ಹಳ್ಳದ ಬದಿಯಲ್ಲಿ ಸುಮ್ನೆ ಕೂತರೆ ಕಾಣುತ್ತದೆ. ಗಂಡು ಗಂಟಲು ಉಬ್ಬಿಸಿ ಕೂಗುತ್ತದೆ. ನೀರಿನ ಸದ್ದಿನಲ್ಲಿ ಕೂಗು ಮಾತ್ರ ಸಾಲುವುದಿಲ್ಲ. ಆಗ ಹಿಂಗಾಲನ್ನು ನಿಧಾನಕ್ಕೆ ಎತ್ತಿ, ಪಕ್ಕಕ್ಕೆ ಚಾಚಿ, ಬೆರಳು ಬಿಡಿಸಿ ಬೀಸುತ್ತದೆ. ಒಂದು ಕಾಲು, ಆಮೇಲೆ ಇನ್ನೊಂದು. ಎದುರಿನ ಕಲ್ಲಿನ ಮೇಲಿರುವ ಗಂಡಿಗೆ ‘ಇದು ನನ್ನ ಜಾಗ’ ಅಂತ ಹೇಳುವ ರೀತಿ ಅದು. ಈ ಬಳಗದ ಹೆಣ್ಣು ಕಪ್ಪೆಗಳು ಹಳ್ಳದ ತಳದ ಮರಳು ತೋಡಿ ಮೊಟ್ಟೆ ಇಡುತ್ತವೆ.

ಒಂದು ದೊಡ್ಡ ಮರ ಕಡಿದರೆ ಸಿಂಗಳೀಕದ ದಾರಿ ತುಂಡಾಗುತ್ತದೆ. ಅದು ರಸ್ತೆಗೆ ಇಳಿಯುತ್ತದೆ, ಜನ ಫೋಟೋ ತೆಗೆಯುತ್ತಾರೆ, ಇಲಾಖೆಗೆ ಸುದ್ದಿ ಹೋಗುತ್ತದೆ. ಅದೇ ಮರದ ನೆರಳು ಹೋಗಿ ಹಳ್ಳದ ನೀರು ಬಿಸಿಯಾದರೆ, ತಳಕ್ಕೆ ಹೂಳು ಕೂತರೆ, ಕಪ್ಪೆ ಹೋಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ತಪ್ಪು ನಮ್ಮದೂ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಹಳ್ಳಕ್ಕೇ ಪಂಪ್ ಇಡುತ್ತೇವೆ. ನಾನು ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಈಗ ತೋಟದ ಕೆರೆಯ ನೀರಷ್ಟೇ ಬಳಸುತ್ತೇನೆ.

ನನ್ನ ಕೋರಿಕೆ ಇಷ್ಟು. ರಸ್ತೆ, ಮೋರಿ, ಚೆಕ್ ಡ್ಯಾಮ್‌ಗೆ ಅನುಮತಿ ಕೊಡುವ ಮೊದಲು ಹಳ್ಳಗಳ ಸಮೀಕ್ಷೆಯೂ ಆಗಲಿ. ಅದು ಮಳೆಗಾಲದಲ್ಲೇ ಆಗಲಿ. ಬೇಸಿಗೆಯಲ್ಲಿ ಬಂದು ನೋಡಿ ‘ಕಪ್ಪೆ ಇಲ್ಲ’ ಅಂತ ಬರೆದರೆ ಅದು ಸರಿಯಲ್ಲ, ಅಲ್ವಾ? ಹಳ್ಳದ ಎರಡೂ ದಡದ ಮರಗಳನ್ನು ಮುಟ್ಟಬಾರದು ಅಂತ ಒಂದು ಆದೇಶ ಹೊರಡಿಸಿ. ನಿಮ್ಮ ಸಿಬ್ಬಂದಿ ಬಂದರೆ ಹಳ್ಳ ತೋರಿಸಲು ನಾನು ಜೊತೆಗೆ ಬರುತ್ತೇನೆ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಬೆಳೆಗಾರ