ದರ್ವಾಜಾ ಹಾಕ್ಕೊಂಡು ಓದು

ಲೇ ಬೀದರ್ ಸುಲ್ತಾನಾ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಅಲ್ಲಿ ಕಳಿಸಿದರೆ ಎರಡು ನೀಲಿ ಗೀಟು ತೋರಿಸಿ ಸುಮ್ಮನಾಗ್ತೀಯ. ಇಲ್ಲಿ ಹಾಕಿದರೆ ನಾಲ್ಕು ಜನರ ಮರ್ಯಾದೆಗಾದರೂ ಒಂದು ಸಾಲು ಬರೀತೀಯ ಅನ್ನೋ ಆಸೆ. ಉಳಿದವರು ಧಾರಾಳವಾಗಿ ಓದಿಕೊಳ್ಳಿ, ಆದರೆ ಮೂರನೇ ದೋಸೆ ಬಗ್ಗೆ ಯಾರೂ ಕೇಳಬಾರದು.

ಹೋಗಿ ಬಂದೆ ಕಣೋ, ತುರ್ಕ್‌ಮೆನಿಸ್ತಾನಕ್ಕೆ, ದಶಕಗಳಿಂದ ಉರೀತಾನೇ ಇರೋ ಆ ಗ್ಯಾಸಿನ ಕುಳಿ ನೋಡೋಕೆ. 'ಇರೋ ಉರೀನೇ ಸಾಲ್ದು ಅಂತ ಉರಿ ನೋಡ್ಲಕ್ಕ ಹೊಂಟಾನ' ಅಂತ ನೀನು ಗ್ರೂಪಿನಲ್ಲಿ ಹಾಕಿದ್ದನ್ನ ನೋಡಿದ್ದೆ. ನಗಲಿಲ್ಲ ಅಂತ ನಟಿಸಿದ್ದೆ, ಅಷ್ಟೇ.

ಅಶ್ಗಾಬಾತ್ ಎಂಬ ಆ ರಾಜಧಾನಿ ಪೂರ್ತಿ ಬಿಳಿ ಅಮೃತಶಿಲೆ. ರಸ್ತೆ ಮೇಲೆ ಕಾರುಗಳೂ ಬಿಳಿ. ಮದುವೆ ಛತ್ರದಲ್ಲಿ ಊಟ ಮುಗಿದು ಎಲ್ಲರೂ ಹೋದಮೇಲೆ ಒಬ್ಬನೇ ಉಳಿದ ಹಾಗಿರುತ್ತೆ. ಅಲ್ಲಿಂದ ಉತ್ತರಕ್ಕೆ ಸುಮಾರು 260 ಕಿಲೋಮೀಟರ್, ಕರಾಕುಮ್ ಮರುಭೂಮಿಯ ಮಧ್ಯೆ. ರಸ್ತೆ ಎಂಥದ್ದಪ್ಪಾ ಅಂದರೆ, ನಮ್ಮೂರಿನ ರಸ್ತೆಗಳ ಬಗ್ಗೆ ನಾನು ಇದುವರೆಗೆ ಆಡಿದ ಅರ್ಧ ಮಾತು ವಾಪಸ್ ತಗೊಂಡಿದ್ದೀನಿ. ಜೀಪು ಹಳ್ಳ ತಪ್ಪಿಸಿದರೆ ಒಂಟೆ, ಒಂಟೆ ತಪ್ಪಿಸಿದರೆ ಹಳ್ಳ.

ಜಾಗದ ಹೆಸರು ದರ್ವಾಜಾ. ಹೌದು, ನಿನ್ನದೇ ದರ್ವಾಜಾ! ನಿಮ್ಮ ಕೋಟೆಯಲ್ಲಿ ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ಅಂತ ತೋರಿಸಿದ್ದೆಯಲ್ಲ, ಬಾಗಿಲು ಅನ್ನೋ ಅರ್ಥದ ಅದೇ ಪಾರಸಿ ಪದ ಅಲ್ಲಿಗೂ ಹೋಗಿ ಕೂತಿದೆ. ರೂಮಿಗೆ ಬಂದ ಮೊದಲ ರಾತ್ರಿ ನೀನು 'ದರ್ವಾಜಾ ಹಾಕ್ಲಿ?' ಅಂದೆ, ನಾನು 'ಎಲ್ಲಿಗೆ?' ಅಂತ ಕೇಳಿದ್ದೆ. ಗೈಡು ಊರಿನ ಹೆಸರು ಹೇಳಿದಾಗ ಜೀಪಿನಲ್ಲಿ ಒಬ್ಬನೇ ನಕ್ಕೆ. ಪಕ್ಕದಲ್ಲಿದ್ದ ಜರ್ಮನ್ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಕುಳಿ ಸುಮಾರು 70 ಮೀಟರ್ ಅಗಲ, 30 ಮೀಟರ್ ಆಳ. ಈಗ ಸುತ್ತ ಬೇಲಿ ಹಾಕಿದ್ದಾರೆ. ಮೊದಲೆಲ್ಲ ಕಿಲೋಮೀಟರುಗಟ್ಟಲೆ ದೂರದಿಂದಲೇ ಆಕಾಶ ಕೆಂಪಗೆ ಕಾಣ್ತಿತ್ತಂತೆ, ಈಗ ಹತ್ತಿರ ಹೋಗಬೇಕು. 'ನೀವು ಐದು ವರ್ಷ ಮುಂಚೆ ಬರಬೇಕಿತ್ತು' ಅಂದ ಗೈಡು. ಎಲ್ಲಾ ಊರಿನ ಗೈಡುಗಳಿಗೂ ಈ ವಾಕ್ಯ ಬಾಯಿಪಾಠ ಮಾಡಿಸಿಯೇ ಕೆಲಸಕ್ಕೆ ಸೇರಿಸ್ಕೊಳ್ತಾರೆ ಅನ್ಸುತ್ತೆ. ಆದರೆ ಇಲ್ಲಿ ಅದು ನಿಜ. 2010ರಲ್ಲೇ ಅಲ್ಲಿನ ಅಧ್ಯಕ್ಷರು ಇದನ್ನು ಆರಿಸಿ ಅಂದಿದ್ದರು. 2022ರಲ್ಲಿ ಟೀವಿಯಲ್ಲಿ ಇನ್ನೊಮ್ಮೆ ಅಂದರು: ಮಾರಬಹುದಾದ ಗ್ಯಾಸ್ ಸುಮ್ಮನೆ ಉರಿದುಹೋಗ್ತಿದೆ, ಸುತ್ತಲಿನ ಜನರ ಆರೋಗ್ಯಕ್ಕೂ ಕೆಡುಕು ಅಂತ. (ಇದೇ ಮನುಷ್ಯ 2019ರಲ್ಲಿ, ತಾನು ಸತ್ತೆ ಅನ್ನೋ ವದಂತಿ ಹಬ್ಬಿದಾಗ, ಇದೇ ಕುಳಿ ಪಕ್ಕ ಕಾರನ್ನು ಗಿರಗಿರ ತಿರುಗಿಸಿ ಟೀವಿಯಲ್ಲಿ ತೋರಿಸಿದ್ದು.) ನೀರು, ಮಣ್ಣು ಸುರಿದು ಆರಿಸೋಕಾಗಲ್ಲ. ಇಲ್ಲಿ ಮುಚ್ಚಿದರೆ ಗ್ಯಾಸ್ ಬೇರೆ ಕಡೆ ಬಿರುಕು ಹುಡುಕುತ್ತೆ. ಅದಕ್ಕೇ ಸುತ್ತಮುತ್ತ ಬಾವಿ ಕೊರೆದು, ಕುಳಿಗೆ ಬರೋ ಗ್ಯಾಸನ್ನು ಪಕ್ಕದಿಂದಲೇ ಎಳೆದುಕೊಳ್ತಿದ್ದಾರೆ. ಬೆಂಕಿ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ ಅಂತ 2025ರ ಜೂನಿನಲ್ಲಿ ಅವರೇ ಹೇಳಿದರು.

ಮೂರರಲ್ಲಿ ಒಂದು ಪಾಲೇ ನನಗೆ ಸಾಕಾಯ್ತು ಮಾರಾಯ. ಗಾಳಿ ಆ ಕಡೆ ಇದ್ದಾಗ ಏನೂ ಅನ್ನಿಸಲ್ಲ, ಈ ಕಡೆ ತಿರುಗಿತು ಅಂದರೆ ಯಾರೋ ಕಪಾಳಕ್ಕೆ ಬಿಸಿ ತಟ್ಟೆ ಒತ್ತಿದ ಹಾಗೆ. ಕನ್ನಡಕದ ಕಡ್ಡಿ ಕಾದು ಕಿವಿ ಹಿಂದೆ ಚುರುಕ್ ಅಂತು. ಗೋಡೆಯ ಬಿರುಕು ಬಿರುಕಿನಲ್ಲೂ ಸಣ್ಣ ಸಣ್ಣ ಉರಿ. ಗಾಳಿಗೆ ಒಂದು ಆರುತ್ತೆ, ಪಕ್ಕದ್ದು ಬಾಗಿ ಮುಟ್ಟಿದ ಕೂಡಲೇ 'ಭಪ್' ಅಂತ ಮತ್ತೆ ಹತ್ತಿಕೊಳ್ಳುತ್ತೆ. ಈ ಗುಂಡಿಯೊಳಕ್ಕೆ 2013ರಲ್ಲಿ ಜಾರ್ಜ್ ಕುರೂನಿಸ್ ಎಂಬ ಕೆನಡಾದ ಪುಣ್ಯಾತ್ಮ ಹಗ್ಗ ಕಟ್ಟಿಕೊಂಡು ಇಳಿದಿದ್ದ. ತಳದ ಮಣ್ಣು ಕೆದಕಿ ತಂದ, ಅದರಲ್ಲಿ ಬದುಕಿದ್ದ ಬ್ಯಾಕ್ಟೀರಿಯಾ ಸಿಕ್ಕವು. ಬೆಳ್ಳಿ ಬಣ್ಣದ ಸೂಟಿನೊಳಗೆ ಸುಟ್ಟ ಆಲೂಗಡ್ಡೆ ಆದ ಹಾಗಿತ್ತಂತೆ ಅವನಿಗೆ.

ಆ 'ಭಪ್' ಶಬ್ದ ನಿನಗೂ ಗೊತ್ತು. ನಮ್ಮ ಎರಡು ಬರ್ನರಿನ ಒಲೆಯ ಎಡಗಡೆಯದು.

ಗೈಡು ಕತೆ ಶುರು ಮಾಡಿದ. 1971, ಸೋವಿಯತ್ ಎಂಜಿನಿಯರುಗಳು ಕೊರೆಯುತ್ತಿದ್ದಾಗ ನೆಲ ಕುಸಿದು ಯಂತ್ರ ಒಳಗೆ ಹೋಯಿತು, ಗ್ಯಾಸ್ ಹೊರಬಂತು, ಕೆಲವೇ ವಾರದಲ್ಲಿ ಉರಿದು ಮುಗಿಯುತ್ತೆ ಅಂತ ಕಡ್ಡಿ ಗೀರಿದರು. ಲೋಕವೆಲ್ಲ ಹೇಳೋದು ಇದನ್ನೇ. ಆದರೆ ಕುರೂನಿಸ್ ದಾಖಲೆ ಹುಡುಕಿದರೆ ಒಂದು ಚೀಟಿಯೂ ಸಿಗಲಿಲ್ಲ. ಅಲ್ಲಿನ ಭೂವಿಜ್ಞಾನಿಗಳು, ಕುಸಿದಿದ್ದು ಅರವತ್ತರ ದಶಕದಲ್ಲಿ, ಬೆಂಕಿ ಬಿದ್ದಿದ್ದು ಎಂಬತ್ತರ ದಶಕದಲ್ಲಿ ಅಂದರಂತೆ. ಯಾರು ಹಚ್ಚಿದರು ಅನ್ನೋದಕ್ಕೆ ಸಾಕ್ಷಿ ಇಲ್ಲ. ಕತೆ ಮಾತ್ರ ಹೇಳಿ ಹೇಳಿ ಗಟ್ಟಿಯಾಗಿಬಿಟ್ಟಿದೆ.

ಇಲ್ಲಿಗೆ ನಿಲ್ಲಿಸಿ ಫೋಟೋ ಹಾಕೋಣ ಅಂತಿದ್ದೆ.

ಹಚ್ಚಿದವರು ದಡ್ಡರೇನಲ್ಲ, ಸುಮ್ಮನೆ ಬಿಟ್ಟರೆ ಮೀಥೇನ್ ಇನ್ನೂ ಕೆಟ್ಟದ್ದು ಅಂತ ಗೈಡು ವಿವರಿಸ್ತಿದ್ದ. 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 80 ಪಟ್ಟು ಬಿಸಿ ಹಿಡಿದಿಡುತ್ತಂತೆ. ಆಮೇಲೆ, ಮಾತಿಗೆ ಮಾತು ಅನ್ನೋ ಹಾಗೆ, 'ಮೀಥೇನ್ ಹಗುರ, ಮೇಲಕ್ಕೆ ಹೋಗುತ್ತೆ. ನಿಮ್ಮ ಮನೆ ಸಿಲಿಂಡರಿನದ್ದು ಭಾರ, ನೆಲ ಹಿಡಿದು ಮಲಗುತ್ತೆ' ಅಂದ.

ನೆಲ ಹಿಡಿದು ಮಲಗುತ್ತೆ.

2009, ವಿಜಯನಗರದ ರೂಮು. ಹಾಲುಕ್ಕಿದ ರಾತ್ರಿ. ಗೃಹಪ್ರವೇಶಕ್ಕೆ ಹಾಲುಕ್ಕಿಸ್ತಾರೆ, ಬೀದರಿನವನು ಗೃಹನಿರ್ಗಮನಕ್ಕೆ ಉಕ್ಕಿಸಿದ ಅಂತ ನಾನು ಎಷ್ಟು ಕಡೆ ಹೇಳಿ ನಗಿಸಿದ್ದೀನಿ ಲೆಕ್ಕವಿಲ್ಲ. ನಿನ್ನ ಮದುವೆ ರಿಸೆಪ್ಶನ್ನಿನಲ್ಲಿ ಮೈಕು ಹಿಡಿದು ಹೇಳಿದೆ. ನೀನೂ ನಕ್ಕೆ.

ಹಾಲು ಇಟ್ಟಿದ್ದು ನಾನು ಕಣೋ. ಫೋನ್ ಬಂತು, ಟೆರೇಸಿಗೆ ಹೋದೆ. ಯಾರ ಫೋನು ಅಂತ ನಿನಗೆ ಗೊತ್ತು, ಇವರಿಗೆ ಬೇಡ. ಹಾಲು ಉಕ್ಕಿ ಒಲೆ ಆರಿದೆ, ಗ್ಯಾಸ್ ಹರೀತಾ ಇದೆ, ನೀನು ಚಾಪೆ ಮೇಲೆ ಮಲಗಿದ್ದೀಯ. ಮೆಟ್ಟಿಲಿಳಿದು ಬಂದ ವಾಸನೆ ಹಿಡಿದು ಓನರ್ ಓಡಿಬಂದು ರೆಗ್ಯುಲೇಟರ್ ತಿರುಗಿಸಿದರು. 'ಯಾರು ಇಟ್ಟಿದ್ದು?' ಅಂದರು. 'ಇವನು' ಅಂದೆ. ನೀನು ಕಣ್ಣುಜ್ಜಿಕೊಂಡು ನನ್ನ ಮುಖ ನೋಡಿದೆ. ಏನೂ ಅನ್ನಲಿಲ್ಲ.

ನಾಲ್ಕು ದಿನ ಬೈದು ಬಿಡ್ತಾರೆ ಅಂದುಕೊಂಡೆ. ಅವರು ನಿನ್ನನ್ನು ಖಾಲಿ ಮಾಡಿಸಿದರು, ನನ್ನನ್ನು ಉಳಿಸಿಕೊಂಡರು. ನಿಮ್ಮಪ್ಪ ರಾತ್ರಿ ಟ್ರೈನಿಗೆ ಬಂದರು. ಬಿಳಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, 'ಹುಡುಗ ಸಣ್ಣವ್ ಅದಾನ್ರಿ' ಅಂತ ಆ ಮನುಷ್ಯನಿಗೆ ಕೈಮುಗಿದರು. ನಾನು ಬಾಗಿಲ ಪಕ್ಕ ನಿಂತಿದ್ದೆ. ಆಮೇಲೆ ಅವರು ತಂದಿದ್ದ ಶೇಂಗಾ ಹೋಳಿಗೆಯಲ್ಲಿ ಎರಡು ತಿಂದೆ.

ಇಷ್ಟು ವರ್ಷ ನನಗೆ ಚುಚ್ಚುತ್ತಿದ್ದದ್ದು ಆ ಟೋಪಿ. ಅದಕ್ಕೆ ಒಂಥರಾ ಒಗ್ಗಿಕೊಂಡಿದ್ದೆ. ಅಲ್ಲಿ, ಆ ಬೇಲಿ ಹಿಡ್ಕೊಂಡು ನಿಂತಾಗ ಹೊಳೆದದ್ದು ಬೇರೆ. ಮಂಚ ನನ್ನದು, ನೆಲ ನಿನ್ನದು. ಗ್ಯಾಸ್ ನಿನ್ನ ಮಟ್ಟದಲ್ಲಿ ಇತ್ತು. ಟೆರೇಸಿನಿಂದ ನಾನು ಇಳಿದು ಬರೋದರೊಳಗೆ ನೀನು ಎದ್ದು ಲೈಟು ಹಾಕಿದ್ದರೆ? ನಾವಿಬ್ಬರೂ ವರ್ಷಗಟ್ಟಲೆ ಬೈದ ಆ ಓನರ್ ಮೆಟ್ಟಿಲು ಹತ್ತಿ ಬರದಿದ್ದರೆ? ಕಾಲು ನಡುಗಿತು ಕಣೋ. ಜರ್ಮನ್ ಹೆಂಗಸು ಈ ಸಲ ಹತ್ತಿರ ಬಂದು ನೀರು ಕೊಟ್ಟಳು. ಬಿಸಿಗೆ ಹೀಗಾಯ್ತು ಅಂದೆ.

ಮೊದಲಿಂದಲೂ ನಿನಗೆ ಗೊತ್ತಿತ್ತಾ? ಗೊತ್ತಿದ್ದೇ ರಿಸೆಪ್ಶನ್ನಿನಲ್ಲಿ ನಕ್ಕೆಯಾ?

ಇರಲಿ, ಜಾಸ್ತಿ ಆಯ್ತು. 'ಉಪಮೆ ಕೊಡ್ಬ್ಯಾಡಪ್ಪ, ಪುಣ್ಯ ಬರ್ತದ' ಅಂತ ನೀನು ಗೊಣಗೋದು ಇಲ್ಲಿಗೇ ಕೇಳಿಸ್ತಿದೆ. ಕೊಟ್ಟಿಲ್ಲ ನೋಡು, ಎಷ್ಟು ಬಿಗಿಹಿಡಿದಿದ್ದೀನಿ. ನಿನಗೊಂದು ಫ್ರಿಜ್ ಮ್ಯಾಗ್ನೆಟ್ ತಂದಿದ್ದೀನಿ, ಗುಂಡಿ ಚಿತ್ರದ್ದು. ನೋಡಿದರೆ ಸುಟ್ಟ ಮೂರನೇ ದೋಸೆ ಥರಾನೇ ಇದೆ. ಅಡ್ವಾನ್ಸಿನಲ್ಲಿ ನಿನಗೆ ಮುರಿದ ಆರು ಸಾವಿರವನ್ನೂ ಕೊಡ್ತೀನಿ. ಬಡ್ಡಿ ಕೇಳಬೇಡ. ಅರ್ಧ ಲೀಟರ್ ಹಾಲು ನನ್ನದಿತ್ತು, ಅದನ್ನ ಕಳೆದುಕೊಂಡು ಹೇಳು.

ಇನ್ನು ಮಂಚ ಯಾರಿಗೆ ಅಂತ ಎರಡು ರೂಪಾಯಿ ನಾಣ್ಯ ಹಾರಿಸಿದ್ದೆನಲ್ಲ, ಆ ಟಾಸ್ ವಿಷಯ... ಅದು ಇನ್ನೊಂದು ಪತ್ರಕ್ಕೆ ಇರಲಿ. ಎಲ್ಲಾ ಒಂದೇ ದಿನ ಬೇಡ.

ಇಂತಿ,
ನಿನ್ನ 'ಎಲ್ಲಿಗೆ?'